ಎಡಗೆನ್ನೆಯ ಮಚ್ಚೆ

ಕೆಜಾಯ ಪಿನ್ನಕ್ ಹೊಟ್ಟೆಕಿಚ್ಚಿನ ಹೆಂಗಸು. ಇದೇನು ಅವಳ ಬೆನ್ನ ಹಿಂದೆ ಆಡುವ ಮಾತಲ್ಲ. ಅವಳ ಎದುರಿಗೇ ಇಡೀ ಓಣಿ ಆಡುತ್ತಿತ್ತು, ಅವಳೂ ಅಲ್ಲವೆಂದು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ನದಿದಡದ ಡೆಟ್‌ಫರ್ಡಿನ ಹಗ್ಗ ಹೊಸೆಯುವವನ ಕಿರಿಮಗಳು. ಅಕ್ಕನಿಗೆ ಕೆಂಪು ಬೂಟು ಬಂದಾಗ ಇವಳಿಗೆ ಜ್ವರ ಬಂತು. ಅಪ್ಪ ಸೋತು ಆ ಬೂಟನ್ನೇ ಅಕ್ಕನ ಕಾಲಿನಿಂದ ಬಿಚ್ಚಿಸಿ ಇವಳಿಗೆ ಕೊಟ್ಟ ಮೇಲೆ ಜ್ವರ ಬಿಟ್ಟಿತು. ಬೂಟು ದೊಡ್ಡದಾಗಿ ಹಿಮ್ಮಡಿಯ ಚರ್ಮವೆಲ್ಲ ಕಿತ್ತುಹೋಯಿತು, ಆದರೂ ಸವೆದು ಚಿಂದಿಯಾಗುವ ತನಕ ಅದನ್ನು ಬಿಡಲಿಲ್ಲ.

ಮದುವೆಯಾದ ಮೇಲೆ ಆ ಗುಣವೆಲ್ಲ ಒಟ್ಟಾಗಿ ಗಂಡನ ಮೇಲೆ ಬಂದು ಕೂತಿತು. ಜೇಬೆಜ್ ಪಿನ್ನಕ್ ಅಂಗಡಿಯ ಬೆಕ್ಕಿನ ತಲೆ ಸವರಿದರೆ, "ನನ್ನ ತಲೆ ಮೇಲೆ ಕೈಯಿಟ್ಟು ಎಷ್ಟು ಕಾಲ ಆಯ್ತು?" ಎಂದು ಒಳಗಿನಿಂದ ದನಿ ಬರುತ್ತಿತ್ತು. ಹಾಲಿನವಳು ಅವನನ್ನು ನೋಡಿ ನಕ್ಕರೆ ಮರುದಿನದಿಂದ ಹಾಲಿನವಳು ಬದಲು. ಪಾಪ, ಜೇಬೆಜ್ ಕಂಡವರು ನಗಲೇಬೇಕಾದಂಥ ಆಳು. ಬೋಳು ತಲೆ, ಆಸಿಡ್ ತಗುಲಿ ಹಳದಿಗಟ್ಟಿದ ಬೆರಳು, ಮೈಯೆಲ್ಲ ಮೇಣದ ವಾಸನೆ. ಇಂಥವನ ಮೇಲೆ ಯಾವ ಹೆಂಗಸು ಕಣ್ಣು ಹಾಕುತ್ತಾಳೆ ಎಂದು ನಾವು ಸಮಾಧಾನ ಹೇಳಿದರೆ ಅವಳಿಗೆ ಇನ್ನಷ್ಟು ಸಿಟ್ಟು. "ಯಾಕೆ, ನಾನು ಹಾಕ್ಲಿಲ್ವಾ?" ಎನ್ನುತ್ತಿದ್ದಳು.

ಸಿಟ್ಟಿದ್ದಾಗ ಅವಳು ಗಂಡನನ್ನು "ಮಿಸ್ಟರ್ ಪಿನ್ನಕ್" ಎಂದು ಕರೆದು, ನೀವು ತಾವು ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಮನಸ್ಸು ತಿಳಿಯಾಗಿದ್ದರೆ ಬರೀ ಜೇಬೆಜ್, ನೀನು. ಪಿನ್ನಕ್ ಮನೆಯ ಹವಾಮಾನ ತಿಳಿಯಲು ನಮಗೆ ಒಳಗೆ ಇಣುಕಬೇಕಾಗಿರಲಿಲ್ಲ, ಗೋಡೆಗೆ ಕಿವಿ ಕೊಟ್ಟರೆ ಸಾಕಿತ್ತು.

ಅಂಗಡಿ ಇದ್ದುದು ಲಂಡನ್ನಿನ ಕೋವೆಂಟ್ ಗಾರ್ಡನ್ ತರಕಾರಿ ಮಾರುಕಟ್ಟೆಯ ಹಿಂದೆ, ನಮ್ಮ ಓಣಿಯ ತಿರುವಿನಲ್ಲಿ. ವ್ಯಂಗ್ಯಚಿತ್ರದ ಅಂಗಡಿ. ಜೇಬೆಜ್ ತಾಮ್ರದ ತಗಡಿಗೆ ಮೇಣ ಬಳಿದು, ಅದರ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಗೀರಿದ ಕಡೆ ಮಸಿ ತುಂಬಿ ಅಚ್ಚು ತೆಗೆಯುತ್ತಿದ್ದ. ಮಂತ್ರಿಗಳು, ಬಿಷಪ್ಪರು, ಸಾಲಗಾರ ಪ್ರಭುಗಳು, ನಾಟಕದವರು, ಎಲ್ಲರೂ ಅವನ ಕಿಟಕಿಯಲ್ಲಿ ಸಾಲಾಗಿ ತೂಗುತ್ತಿದ್ದರು. ಒಳಗೆ ಬಂದು ಕೊಳ್ಳುವವರಿಗಿಂತ ಹೊರಗೆ ನಿಂತು ಬಿಟ್ಟಿ ನಗುವವರೇ ಹೆಚ್ಚು, ಆ ನಗುವವರ ಜೇಬಿಗೆ ಕೈಹಾಕುವವರು ಅವರಿಗಿಂತ ಸ್ವಲ್ಪ ಕಡಿಮೆ. ಅಚ್ಚಾದ ಹಾಳೆಗಳಿಗೆ ಹಿಂದಿನ ಕೋಣೆಯಲ್ಲಿ ಕೈಯಿಂದಲೇ ಬಣ್ಣ ತುಂಬಬೇಕು. ನೀಲಿ, ಹಸಿರು, ಹಳದಿಗಳು ವಿಧವೆ ಕ್ರೂಮಜ್ಜಿಯವು. ಕೆಂಪು ಮತ್ತು ಕಂದು ಕೆಜಾಯಳದು. ಕೆನ್ನೆ, ತುಟಿ, ಸೈನಿಕರ ಕೋಟು, ಕುಡುಕರ ಮೂಗು ಇವೆಲ್ಲ ಅವಳ ಕುಂಚದ ಕೆಳಗೇ ಹಾದುಹೋಗಬೇಕು. ಕೆಂಪನ್ನು ಇನ್ನೊಬ್ಬರು ಮುಟ್ಟಿದರೆ ಅವಳಿಗೆ ಆಗುತ್ತಿರಲಿಲ್ಲ. ಬೂಟಿನ ಕಾಲದಿಂದಲೂ ಹಾಗೇ.

ಅವಳ ಎದೆಯಲ್ಲಿ ಒಂದು ಮುಳ್ಳು ಮುರಿದು ಉಳಿದಿತ್ತು. ಲಂಡನ್ನಿನಲ್ಲಿ ಜೇಬೆಜ್ ಬರೆಯದ ಮುಖವಿರಲಿಲ್ಲ. ಮೀನು ಮಾರುವವಳನ್ನು ಬರೆದಿದ್ದ, ಮಂತ್ರಿಯ ಹೆಂಡತಿಯನ್ನು ಬರೆದಿದ್ದ, ಆ ಹಾಳು ಬೆಕ್ಕನ್ನೂ ಬರೆದಿದ್ದ. ಸ್ವಂತ ಹೆಂಡತಿಯನ್ನು ಮಾತ್ರ ಒಂದು ದಿನವೂ ಬರೆದಿರಲಿಲ್ಲ. ಕೇಳಿದರೆ, "ನಿನ್ನಲ್ಲಿ ನಗೋಕೇನಿದೆ ಕೆಜಾಯ?" ಎಂದು ಬಿಡುತ್ತಿದ್ದ. ಹೊಗಳಿಕೆಯೆಂದೇ ಹೇಳುತ್ತಿದ್ದನೇನೋ. ಅವಳಿಗೆ ಕೇಳಿಸುತ್ತಿದ್ದುದು, ನಿನ್ನಲ್ಲಿ ನೋಡೋಕೇನಿದೆ ಎಂದು.

ಜೇಬೆಜ್‌ಗೆ ಕೆಲಸದಲ್ಲಿ ಒಂದು ಹಟವಿತ್ತು. ತಾಮ್ರದ ಮೇಲೆ ಬರೆದದ್ದು ಕಾಗದಕ್ಕೆ ಬರುವಾಗ ತಿರುವುಮುರುವಾಗುತ್ತದೆ. ಎಡ ಬಲವಾಗುತ್ತದೆ, ಬಲ ಎಡ. ಬೇರೆಯವರು ಮೊದಲೇ ಚಿತ್ರವನ್ನು ತಿರುಗಿಸಿ ಬರೆದುಕೊಳ್ಳುತ್ತಾರೆ. ಜೇಬೆಜ್ ಅಕ್ಷರಗಳನ್ನೇನೋ ನಿದ್ದೆಗಣ್ಣಲ್ಲೂ ಹಿಂದುಮುಂದಾಗಿ ಬರೆದಾನು, ಮುಖವನ್ನು ಮಾತ್ರ ತಿರುಗಿಸಲೊಲ್ಲ. "ತಿರುಗಿಸಿದ ಮುಖ ಸತ್ತ ಮುಖ" ಎನ್ನುತ್ತಿದ್ದ. ಕಂಡದ್ದನ್ನು ಕಂಡ ಹಾಗೇ ತಗಡಿಗೆ ಇಳಿಸಿದರೆ ಮಾತ್ರ ಅದಕ್ಕೆ ಉಸಿರಂತೆ. ಹೀಗಾಗಿ ಪಿನ್ನಕ್ ಅಂಗಡಿಯಲ್ಲಿ ಊರಿಗೆ ಊರೇ ಎಡಚ. ಸೇನಾಪತಿ ಎಡಗೈಯಲ್ಲಿ ಕತ್ತಿ ಹಿರಿಯುತ್ತಿದ್ದ, ಬಿಷಪ್ ಎಡಗೈಯಲ್ಲಿ ಹರಸುತ್ತಿದ್ದ. ಗಿರಾಕಿಗಳು ಗೊಣಗಿದರೆ, "ನಾನು ಸರಿಯಾಗೇ ಬರ್ದಿದೀನಿ ಸ್ವಾಮಿ, ತಿರುಗಿಕೊಂಡಿರೋದು ನಿಮ್ಮ ಲಂಡನ್ನು" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ.

ಆ ವರ್ಷ ಎರಡು ದೊಡ್ಡ ನಾಟಕಶಾಲೆಗಳೂ ಹಟಕ್ಕೆ ಬಿದ್ದು ಒಂದೇ ನಾಟಕವನ್ನು ಒಂದೇ ಕಾಲಕ್ಕೆ ಆಡಿದವು. ರಾಣಿಯೊಬ್ಬಳು ಎದೆಗೆ ಕಠಾರಿ ಹಾಕಿಕೊಂಡು ಸಾಯುವ ದುರಂತ ಕತೆ. ಒಂದು ಕಡೆ ಮಿಸೆಸ್ ಕಾರ್ಡರಿ, ಉದ್ದಕ್ಕೆ ಒಣಗಿದ ಕಡ್ಡಿಯಂಥವಳು; ಸಾಯುವಾಗ ಅವಳು ಕಿರುಚಿದ ಕಿರುಚಿಗೆ ಕೆಳಗೆ ಕೂತ ಹೆಂಗಸರು ಮೂರ್ಛೆ ಹೋಗುತ್ತಿದ್ದರು. ಇನ್ನೊಂದು ಕಡೆ ಮಿಸೆಸ್ ಓರೆಲ್, ಗುಂಡಗೆ, ಬೆಳ್ಳಗೆ, ಎಡಗೆನ್ನೆಯ ಮೇಲೆ ಒಂದು ಮಚ್ಚೆ. ಅದು ಅಂತಿಂಥ ಮಚ್ಚೆಯಲ್ಲ. ಅದು ಕಾಣುವ ಬದಿಯ ಆಸನಗಳಿಗೆ ಹರೆಯದ ಹುಡುಗರು ಕಿತ್ತಾಡುತ್ತಿದ್ದರು. ನಿನ್ನದು ಯಾವ ಪಕ್ಷ ಎಂದು ಕೇಳದೆ ಕಾಫಿ ಅಂಗಡಿಯಲ್ಲಿ ಯಾರೂ ಬೆಂಚಿನಲ್ಲಿ ಜಾಗ ಬಿಡುತ್ತಿರಲಿಲ್ಲ.

ಕಿಟಕಿಯಲ್ಲಿ ಮಾತ್ರ ಗೆದ್ದವಳು ಕಾರ್ಡರಿ. ಜೇಬೆಜ್ ಅವಳನ್ನು ಕೊಕ್ಕರೆಯಾಗಿ, ಪೊರಕೆಯಾಗಿ, ಊದುಕೊಳವೆಯಾಗಿ ಬರೆದ, ಜನ ಬಿದ್ದುಬಿದ್ದು ನಕ್ಕು, ನಗಿಸಿದವಳನ್ನು ಕಣ್ಣಾರೆ ನೋಡಲು ನಾಟಕಕ್ಕೆ ಓಡಿದರು. ಓರೆಲ್‌ಳನ್ನೂ ಚಳಿಗಾಲದಲ್ಲಿ ಒಮ್ಮೆ ಬರೆದಿದ್ದ. ಅವನ ಹಟದ ಪ್ರಕಾರ ಮಚ್ಚೆ ಬಲಗೆನ್ನೆಗೆ ಹೋಗಿ ಕೂತಿತ್ತು. ಇದ್ಯಾರು, ಅವಳ ತಂಗಿಯಾ ಎಂದು ಕೇಳಿ ಜನ ಮುಂದೆ ಹೋದರು.

ವಸಂತದ ಒಂದು ಮಧ್ಯಾಹ್ನ ಜೇಬೆಜ್ ಹೊಸ ತಗಡೊಂದರ ಮೊದಲ ಅಚ್ಚುಗಳನ್ನು ಬಣ್ಣದ ಮೇಜಿನ ಮೇಲೆ ತಂದಿಟ್ಟ. ಎಂದಿನಂತೆ ನಿಂತು ಕೆಜಾಯ ನಗುತ್ತಾಳೋ ಇಲ್ಲವೋ ಎಂದು ನೋಡಲಿಲ್ಲ, ಮುಖ ತಗ್ಗಿಸಿ ಹೊರಟುಹೋದ. ಚಿತ್ರ ನೋಡಿದ್ದೇ ಕ್ರೂಮಜ್ಜಿ ಹೊಟ್ಟೆ ಹಿಡಿದುಕೊಂಡಳು. ಮಿಸೆಸ್ ಓರೆಲ್ ಸಾಯಲು ಹೊರಟಿದ್ದಾಳೆ, ಕಿರೀಟ ಕಿವಿಗೆ ಜಾರಿದೆ. ಎದೆಗೆ ಹಾಕಿಕೊಳ್ಳಬೇಕಾದ ಕಠಾರಿಯಲ್ಲಿ ಹಂದಿಮಾಂಸದ ತುಂಡೊಂದನ್ನು ಚುಚ್ಚಿಕೊಂಡು ಬಾಯಿಗೆ ಒಯ್ಯುತ್ತಿದ್ದಾಳೆ. ರಾಣಿಯ ಉಡುಪಿನ ಕೆಳಗೆ, ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿದೆ.

"ಇದಪ್ಪಾ ಪಿನ್ನಕ್ಕನ ಕೈ! ಇಂಥದ್ದು ಅವನು ಇದುವರ್ಗೂ ಮಾಡಿಲ್ಲ ಬಿಡು" ಎಂದಳು ಅಜ್ಜಿ.

ಕೆಜಾಯಳೂ ನಕ್ಕಳು. ನಗುತ್ತಲೇ ಕೆನ್ನೆಗೆ ಗುಲಾಬಿ ಹಚ್ಚಿ, ಸಣ್ಣ ಕುಂಚವನ್ನು ಕಂದಿನಲ್ಲಿ ಅದ್ದಿ ಮಚ್ಚೆ ಇಟ್ಟಳು. ಚಳಿಗಾಲದಲ್ಲಿ ಇಟ್ಟು ಇಟ್ಟು ಕೈಗೆ ಆ ಜಾಗ ಅಭ್ಯಾಸವಾಗಿತ್ತು, ಕಣ್ಣು ಬೇಕಿರಲಿಲ್ಲ.

"ಏ ಮಾರಾಯ್ತಿ, ಎಲ್ಲಿ ನೋಡ್ತಾ ಇದೀಯ? ಮಚ್ಚೆ ಆ ಕಡೆ ಕೆನ್ನೇಲಿ ಗೀರಿದಾನೆ, ನೀನು ಈ ಕಡೆ ಇಟ್ಟೆ. ಒಂದಿದ್ದದ್ದು ಎರಡಾಯ್ತಲ್ಲ!" ಎಂದು ಅಜ್ಜಿ ಅವಳ ಮೊಣಕೈ ತಿವಿದಳು.

ಕೆಜಾಯ ಬಗ್ಗಿ ನೋಡಿದಳು. ಹೌದು, ಮಚ್ಚೆ ಎಡಗೆನ್ನೆಯಲ್ಲಿತ್ತು. ದೇವರಿಟ್ಟ ಜಾಗದಲ್ಲಿ, ಹರೆಯದ ಹುಡುಗರು ಕಿತ್ತಾಡುವ ಜಾಗದಲ್ಲಿ. ಕಠಾರಿ ಬಲಗೈಯಲ್ಲಿತ್ತು. ಎಡಚರೇ ತುಂಬಿದ ಆ ಅಂಗಡಿಯಲ್ಲಿ ಒಬ್ಬಳೇ ಒಬ್ಬಳು ನೆಟ್ಟಗೆ, ಸರಿಯಾಗಿ ನಿಂತಿದ್ದಳು. ಕೆಜಾಯಳ ನಗು ಅಲ್ಲೇ ಹೆಪ್ಪುಗಟ್ಟಿತು. ರಾಜನಿಗಾಗಿ ತಿರುಗಿಸದವನು ಇವಳಿಗಾಗಿ ತಿರುಗಿಸಿದ್ದ.

"ಇವಳನ್ನ ಮಾತ್ರ ಯಾಕೆ ತಿರುಗಿಸಿದ?" ಎಂದಳು.

"ತಿರುಗಿಸಿದ್ರೆ ಮುಖ ಸಾಯತ್ತೆ ಅಂತಿದ್ದ. ಇದು ನೋಡಿದ್ರೆ ಎದ್ದು ಬಂದು ನಮ್ಮ ಊಟ ಕಿತ್ಕೊಂಡು ತಿನ್ನೋ ಹಾಗಿದೆ" ಎಂದು ಅಜ್ಜಿ ತನ್ನ ಪಾಡಿಗೆ ನೀಲಿ ಕಲಸಿದಳು.

ಅಜ್ಜಿಯ ಮಾತು ಕೆಜಾಯಳ ತಲೆಯಲ್ಲಿ ಹೊಕ್ಕು ಕೂತಿತು. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಟೊಪ್ಪಿಗೆಯ ದಾರ ಕಟ್ಟಿಕೊಳ್ಳುತ್ತಿದ್ದಾಗ ಕೈ ನಿಂತಿತು. ಕನ್ನಡಿಯೊಳಗೂ ಎಲ್ಲವೂ ತಿರುಗಿಯೇ ಇರುತ್ತದಲ್ಲ! ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ತಗಡಿಗೆ ಇಳಿಸಿದರೆ, ಕನ್ನಡಿ ತಿರುಗಿಸಿದ್ದನ್ನು ತಾಮ್ರ ಮತ್ತೆ ತಿರುಗಿಸುತ್ತದೆ, ಕಾಗದದ ಮೇಲೆ ಮುಖ ಸರಿಯಾಗಿ ಮೂಡುತ್ತದೆ. ಉಸಿರೂ ಹೋಗುವುದಿಲ್ಲ. ಅಂದರೆ ಇವನು ಅವಳನ್ನು ಕನ್ನಡಿಯಲ್ಲಿ ನೋಡಿ ಬರೆದಿದ್ದಾನೆ. ನಾಟಕದವಳ ಕನ್ನಡಿ ಎಲ್ಲಿರುತ್ತದೆ? ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ. ಅವಳು ಸ್ಟೂಲಿನ ಮೇಲೆ ಕನ್ನಡಿಗೆ ಮುಖ ಮಾಡಿ, ಇವನು ಅವಳ ಬೆನ್ನಿಗೇ, ಹೆಗಲ ಮೇಲಿಂದ ಕನ್ನಡಿಯೊಳಗೆ ಕಣ್ಣಿಟ್ಟು. ಹರಿದ ಕಾಲುಚೀಲದ ಹೆಬ್ಬೆರಳು ಇನ್ನೆಲ್ಲಿ ಕಂಡೀತು? ತನ್ನ ಕಾಲುಚೀಲದಲ್ಲೂ ತೂತಿತ್ತು, ಇವನು ಎಂದಾದರೂ ನೋಡಿದ್ದನೇ! ಟೊಪ್ಪಿಗೆಯ ದಾರ ಕಿತ್ತು ಕೈಗೆ ಬಂತು.

ಮಧ್ಯಾಹ್ನ ಬಟಾಣಿ ಗಂಜಿ ಬಡಿಸುತ್ತ ಕೇಳಿದಳು. "ಮಿಸ್ಟರ್ ಪಿನ್ನಕ್, ಓರೆಲಮ್ಮನವರನ್ನ ತಾವು ಎಲ್ಲಿ ಕೂತು ಬರೆದ್ರಿ?"

ಬಹುವಚನ ಕಿವಿಗೆ ಬಿದ್ದದ್ದೇ ಜೇಬೆಜ್‌ನ ಚಮಚ ನಿಂತಿತು. "ನಾಟಕಶಾಲೇಲಿ. ಎಲ್ಲರೂ ಕೂರೋ ಕಡೆ."

"ಅಲ್ಲಿಂದ ಕಾಲಿನ ಹೆಬ್ಬೆರಳು ಕಾಣತ್ತಾ?"

"ಅದು... ಸುಮ್ನೆ ಹಾಕ್ದೆ. ನಗು ಬರ್ಲಿ ಅಂತ."

"ಮಚ್ಚೆ ಸರಿಯಾದ ಕಡೆ ಇದೆಯಲ್ಲ?"

"ತಿರುಗಿಸಿ ಬರೆದೆ. ಜನ ಗೊಣಗ್ತಾರಲ್ಲ."

"ಜನ ಇಷ್ಟು ವರ್ಷದಿಂದ ಗೊಣಗ್ತಾನೇ ಇದಾರೆ. ತಮಗೆ ಈಗ ಕೇಳಿಸ್ತಾ?"

ಜೇಬೆಜ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಬೋಳು ತಲೆ ಕೆಂಪಾಗಿಬಿಡುತ್ತಿತ್ತು. ಆಗಿತ್ತು. ಗಂಜಿ ಅರ್ಧಕ್ಕೇ ಬಿಟ್ಟು ಎದ್ದ.

ಆ ಚಿತ್ರದ ಹಿಂದೆಯೇ ಇನ್ನೆರಡು ಬಂದವು. ಒಂದರಲ್ಲಿ ಓರೆಲ್ ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಸೇವಕಿಯೊಬ್ಬಳು ಅವಳ ಬೆನ್ನಿಗೆ ಕಾಲು ಕೊಟ್ಟು ರವಿಕೆಯ ದಾರ ಜಗ್ಗುತ್ತಿದ್ದಾಳೆ. ಇನ್ನೊಂದರಲ್ಲಿ ಸತ್ತು ಬಿದ್ದ ರಾಣಿ ಪ್ರೇಕ್ಷಕರು ನೋಡುತ್ತಿಲ್ಲವೆಂದುಕೊಂಡು ಆಕಳಿಸುತ್ತಿದ್ದಾಳೆ. ಎರಡರಲ್ಲೂ ಮಚ್ಚೆ ಎಡಗೆನ್ನೆಯಲ್ಲಿ. ಕಿಟಕಿಯ ಮುಂದೆ ಗಾಡಿಗಳು ನಿಲ್ಲುವಷ್ಟು ಜನ ಸೇರಿದರು. ಕಾರ್ಡರಿಯ ಕೊಕ್ಕರೆ, ಪೊರಕೆಗಳನ್ನು ಕೇಳುವವರೇ ಇಲ್ಲವಾದರು. ಪಿನ್ನಕ್ಕನ ಕೈಗೆ ಸಮಾನವಿಲ್ಲ ಎಂದು ಕಾಫಿ ಅಂಗಡಿಗಳಲ್ಲಿ ಮಾತಾಯಿತು. ಆ ಹೊಗಳಿಕೆ ಕೇಳಿದಾಗಲೆಲ್ಲ ಜೇಬೆಜ್‌ನ ಮುಖ ಹುಳ್ಳಗಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಕೋಟಿನಿಂದ ಮುಖಕ್ಕೆ ಹಚ್ಚುವ ಪುಡಿಯ ಘಮ. ಕೆಲಸದ ಮೇಜಿನ ಮುಂದೆ ಯಾವುದೋ ಕಾಗದ ಹಿಡಿದು ಗಂಟೆಗಟ್ಟಲೆ ಅದನ್ನೇ ನೋಡುತ್ತ ಕೂರುವನು. ಕೆಜಾಯಳ ಹೆಜ್ಜೆ ಕೇಳಿದರೆ ಅದನ್ನು ಸೆಳೆಖಾನೆಗೆ ತುರುಕಿ ಬೀಗ ಹಾಕುವನು. ಒಮ್ಮೆ ಬಾಗಿಲ ಸಂದಿಯಿಂದ ಅವನ ಮುಖ ನೋಡಿದಳು. ಮದುವೆಗೆ ಮುಂಚೆ ಡೆಟ್‌ಫರ್ಡಿನ ದಡದಲ್ಲಿ ತನ್ನನ್ನೂ ಅವನು ಆ ಥರ ನೋಡಿರಲಿಲ್ಲ. ಹಸಿದವನು ಬೇಕರಿಯ ಗಾಜಿನಾಚೆ ನೋಡುವ ಹಾಗಿತ್ತು.

"ಹೆಂಗಸಿನ ರೋಗ ಅದು" ಎಂದಳು ಕೆಜಾಯ ಕ್ರೂಮಜ್ಜಿಗೆ. "ಅವಳ ಉಂಗುಷ್ಟ ಗೊತ್ತು, ಅವಳ ರವಿಕೆ ದಾರ ಗೊತ್ತು, ಅವಳ ಆಕಳಿಕೆ ಗೊತ್ತು. ನಾನು ಆಕಳಿಸಿದ್ರೆ ಬಾಯಿ ಮುಚ್ಕೋ ನೊಣ ಹೋಗತ್ತೆ ಅಂತಾನೆ."

"ಹಾಗಿದ್ರೆ ಹೋಗಿ ಅವಳ ಜುಟ್ಟು ಹಿಡ್ಕೋ. ಇಲ್ಲಿ ಕೂತು ನನ್ನ ಹಸಿರಿಗೆ ಕಣ್ಣೀರು ಬೀಳಿಸ್ಬೇಡ, ತೆಳ್ಳಗಾಗತ್ತೆ."

ಕೆಜಾಯ ಜುಟ್ಟು ಹಿಡಿಯಲು ಹೋಗಲಿಲ್ಲ. ಅವಳ ಕೈಯಲ್ಲಿ ಕೆಂಪಿತ್ತು. ಮುಂದಿನ ಕಟ್ಟು ಹಾಳೆಗಳಲ್ಲಿ ಕೆನ್ನೆಗೆ ಹಚ್ಚುವ ಗುಲಾಬಿಯನ್ನು ಗಟ್ಟಿ ಮಾಡಿಕೊಂಡು ಓರೆಲ್‌ಳ ಮೂಗಿನ ತುದಿಗೆ ಇಟ್ಟಳು. ಒಂದು ಹನಿ, ಅಷ್ಟೇ. ಹೊಟ್ಟೆಬಾಕ ರಾಣಿ ಒಮ್ಮೆಲೇ ಕುಡುಕ ರಾಣಿಯಾದಳು. ಎಷ್ಟು ಹಾಳೆಗೆ ಹಚ್ಚಿದಳೋ, ಕುಂಚ ಎತ್ತುವಾಗಲೆಲ್ಲ ಎದೆಯ ಉರಿ ಒಂದು ಗುಟುಕು ಕಡಿಮೆಯಾಗುತ್ತಿತ್ತು. ಅಜ್ಜಿ ನೋಡಿದಳು, ಮೂಗು ಮುರಿದು ತನ್ನ ಹಸಿರಿಗೆ ಮರಳಿದಳು. ಜೇಬೆಜ್ ಆ ದಿನಗಳಲ್ಲಿ ಬಣ್ಣದ ಮೇಜಿನ ಕಡೆಯಾಗಲಿ, ಬಣ್ಣ ತುಂಬಿ ಬಂದ ಆ ಚಿತ್ರಗಳ ಕಡೆಯಾಗಲಿ ತಲೆಯನ್ನೇ ಹಾಕುತ್ತಿರಲಿಲ್ಲ.

ಮೂಗು ಊರೆಲ್ಲ ಸುತ್ತಿತು. ವಾರ ಕಳೆಯುವುದರೊಳಗೆ ಓರೆಲ್ ಜಿನ್ ಕುಡಿಯುತ್ತಾಳಂತೆ ಎಂಬುದು ಹಳೇ ಸುದ್ದಿಯಾಯಿತು. ಅವಳು ಸಾಯುವ ದೃಶ್ಯದಲ್ಲಿ ಮೇಲಿನ ಅಟ್ಟದಿಂದ ಯಾರೋ, "ರಾಣಿಯಮ್ಮಾ, ಹೋಗೋ ಮುಂಚೆ ಒಂದು ಗುಟುಕು ಹಾಕ್ಕೋ!" ಎಂದು ಕೂಗಿದನಂತೆ. ಇಡೀ ಸಭೆ ಹೋ ಎಂದಿತಂತೆ. ಅವಳು ಕಠಾರಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳಂತೆ. ಕಿತ್ತಳೆ ಮಾರುವವಳು ಇದನ್ನು ಬಾಗಿಲಲ್ಲಿ ನಿಂತು ಹೇಳಿಹೋದ ದಿನ ಕೆಜಾಯ ಹೊಟ್ಟೆ ತುಂಬ ಉಂಡಳು.

ಮರುದಿನ ಮಧ್ಯಾಹ್ನ ಮುಸುಕು ಹಾಕಿಕೊಂಡ ಹೆಂಗಸೊಬ್ಬಳು ಅಂಗಡಿಯೊಳಗೆ ಬಂದಳು. ಗಿರಾಕಿಗಳಿರಲಿಲ್ಲ, ಜೇಬೆಜ್ ಬಣ್ಣ ಕಾಣದ ಹಸಿ ಅಚ್ಚುಗಳನ್ನು ಒಣಗಲು ತೂಗುಹಾಕುತ್ತಿದ್ದ, ಕೆಜಾಯ ಬಣ್ಣದ ಕೈಯಲ್ಲೇ ಹಿಂದಿನ ಕೋಣೆಯಿಂದ ಬಂದಳು. ಹೆಂಗಸು ಮುಸುಕು ತೆಗೆದಳು. ಎಡಗೆನ್ನೆಯಲ್ಲಿ ಮಚ್ಚೆ. ಹತ್ತಿರದಿಂದ ಕಂಡರೆ ಅದು ಕೆಜಾಯ ಇಷ್ಟು ದಿನ ಇಡುತ್ತಿದ್ದುದಕ್ಕಿಂತ ಚಿಕ್ಕದು. ಅವಳಿಗೆ ಅದೂ ಹೊಟ್ಟೆಕಿಚ್ಚಾಯಿತು.

ಮಿಸೆಸ್ ಓರೆಲ್ ಮುದುರಿದ ಹಾಳೆಯೊಂದನ್ನು ಮೇಜಿನ ಮೇಲೆ ಬಡಿದಳು. "ಪಿನ್ನಕ್! ಇದೇನಿದು? ನಾನು ಬರ್ಕೊಟ್ಟಿದ್ರಲ್ಲಿ ಮೂಗು ಕೆಂಪಿತ್ತಾ?"

ಜೇಬೆಜ್ ಹಾಳೆ ನೋಡಿದ. ಮೂಗು ಅವನಿಗೂ ಹೊಸದು.

ಕೆಜಾಯಳಿಗೆ ಕೇಳಿಸಿದ್ದು ಬೇರೆ. "ಯಾರು ಬರ್ಕೊಟ್ಟಿದ್ದು?" ಎಂದಳು.

"ನಾನು! ಇನ್ಯಾರು?" ಸಿಟ್ಟಿನಲ್ಲಿ ಓರೆಲ್ ಗುಟ್ಟು ಬಿಟ್ಟುಕೊಟ್ಟದ್ದನ್ನು ಗಮನಿಸಲೂ ಇಲ್ಲ. "ಕಾರ್ಡರಿ ಈ ಕಿಟಕಿಯಲ್ಲಿ ದಿನಕ್ಕೊಂದು ವೇಷ ಹಾಕಿ ಮೆರೀತಾ ಇದ್ಳು. ನನ್ನದೊಂದು ಬಂತು ಚಳಿಗಾಲದಲ್ಲಿ, ಮಚ್ಚೆ ಎಲ್ಲೋ, ಮುಖ ಎಲ್ಲೋ, ನಾಯಿಯೂ ಮೂಸ್ಲಿಲ್ಲ. ಈ ಊರು ಯಾರನ್ನ ನೋಡಿ ನಗತ್ತೋ ಅವರನ್ನ ನೋಡೋಕೆ ಬರತ್ತೆ ತಾಯಿ. ನನ್ನ ನೋಡಿ ನಗ್ಲಿಲ್ಲ. ನಾನು ಅದನ್ನ ಹೇಗೆ ತಡ್ಕೊಳ್ಲಿ? ಅದಕ್ಕೇ ಕನ್ನಡಿ ಮುಂದೆ ಕೂತು ನಾನೇ ಬರೆದೆ. ನಿನ್ನ ಗಂಡನ್ನ ಕರೆಸಿ ಕೊಟ್ಟೆ, ಯಾರಿಗೂ ಹೇಳಕೂಡದು, ಹೆಂಡತಿಗೂ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡೆ. ಹೊಟ್ಟೆಬಾಕಿ ಅಂತ ಬರ್ಕೊಂಡೆ, ಹೌದು. ನನ್ನ ಕಾಲುಚೀಲ ಹರಿದಿದೆ, ಅದನ್ನೂ ಬರ್ಕೊಂಡೆ. ನಾನು ಕುಡಿಯಲ್ಲ! ಕುಡಿದು ಕುಡಿದು ಸತ್ತೋನು ನಮ್ಮಪ್ಪ. ನಾನು ಆ ವಾಸನೆಗೇ ವಾಂತಿ ಮಾಡ್ಕೊಳ್ಳೋಳು. ಮೊನ್ನೆ ಅಟ್ಟದಿಂದ ಕೂಗಿದ್ದಕ್ಕೆ ನನಗೆ ಮಾತೇ ಮರೆತುಹೋಯ್ತು. ಯಾರು ಹಚ್ಚಿದ್ದು ಈ ಮೂಗಿಗೆ?"

ಕೆಜಾಯ ಕೈ ಮುಚ್ಚಿಟ್ಟುಕೊಳ್ಳಬಹುದಿತ್ತು. ಬೆರಳೆಲ್ಲ ಕೆಂಪು. ಅವಳಿಗೆ ಇಷ್ಟು ದಿನ ಉರಿದದ್ದೆಲ್ಲ ಒಮ್ಮೆಲೇ ಬೂದಿಯಾಗಿ ಬಾಯಿಗೆ ಬಂದಂತಿತ್ತು. ಕನ್ನಡಿಯ ಮುಂದೆ ಕೂತವಳು ಹೌದು, ಬೆನ್ನ ಹಿಂದೆ ಯಾರೂ ಇರಲಿಲ್ಲ.

"ನಾನೇ ಹಚ್ಚಿದ್ದು" ಎಂದಳು. "ಹೊಟ್ಟೆಕಿಚ್ಚಿಗೆ."

"ಯಾರ ಮೇಲೆ?"

"ನಿಮ್ಮ ಮೇಲೆ. ಇವನು ನಿಮ್ಮ ಕೋಣೇಲಿ ಕೂತು ಬರೆದ ಅಂದ್ಕೊಂಡೆ."

ಮಿಸೆಸ್ ಓರೆಲ್ ಜೇಬೆಜ್‌ನನ್ನು ಬೋಳಿನಿಂದ ಬೂಟಿನವರೆಗೆ ಒಮ್ಮೆ ನೋಡಿದಳು. "ಇವನಾ?" ಎಂದಳು. ಆಮೇಲೆ ಕೆಜಾಯಳ ಮುಖ ನೋಡಿ ಆ ಮಾತು ನುಂಗಿಕೊಂಡಳು. ಮೇಜಿನ ಮೇಲಿದ್ದ ಇದ್ದಿಲ ಕಡ್ಡಿ ಎತ್ತಿಕೊಂಡು, ಅಲ್ಲೇ ರದ್ದಿಯಲ್ಲಿ ಬಿದ್ದಿದ್ದ ಎರಡು ಮಚ್ಚೆಯ ಆ ಕೆಟ್ಟ ಹಾಳೆಯ ಬೆನ್ನಿಗೆ ಗೀಚತೊಡಗಿದಳು. ಇಬ್ಬರೂ ನೋಡುತ್ತ ನಿಂತಿದ್ದಂತೆ ಕಾಗದದ ಮೇಲೆ ಒಬ್ಬ ಹೆಂಗಸು ಎದ್ದಳು. ಕುತ್ತಿಗೆ ಮುಂದೆ ಚಾಚಿದೆ, ಕಣ್ಣು ಬಾಗಿಲ ಸಂದಿಗೆ ಅಂಟಿದೆ, ಕಿವಿ ಟೊಪ್ಪಿಗೆ ಹರಿದು ಹೊರಬರುವಷ್ಟು ನಿಮಿರಿದೆ. ಕಠಾರಿಯ ಹಾಗೆ ಎತ್ತಿ ಹಿಡಿದ ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿದೆ. ಅದು ಕೆಜಾಯಳೇ. ಅವಳಿಗೆ ಅವಮಾನವಾಯಿತು, ನಗುವೂ ಬಂತು.

"ನಾಳೆಯಿಂದ ನನ್ನ ಮೂಗು ಬೆಳ್ಳಗಿರಲಿ" ಎಂದಳು ಓರೆಲ್, ಮುಸುಕು ಎಳೆದುಕೊಳ್ಳುತ್ತ. ಬಾಗಿಲ ಬಳಿ ತಿರುಗಿ, "ಕೆಂಪು ಉಳಿದಿದ್ರೆ ಕಾರ್ಡರಿಗೆ ಹಚ್ಚು" ಎಂದಳು.

"ಅವರ ಮೂಗಿನ ಮೇಲೆ ನನಗೇನೂ ಸಿಟ್ಟಿಲ್ಲಮ್ಮ."

"ನನಗಿದೆ" ಎಂದು ಹೇಳಿ ಅವಳು ಹೋದಳು.

ಕೆಜಾಯ ಗಂಡನ ಕಡೆ ತಿರುಗಿದಳು. ತಪ್ಪಾಯಿತೆಂದು ಹೇಳುವವಳಿದ್ದಳು. ಅವನು ಇವಳನ್ನು ನೋಡುತ್ತಲೇ ಇರಲಿಲ್ಲ. ಓರೆಲ್ ಬಿಟ್ಟುಹೋದ ಹಾಳೆಯ ಮೇಲೆ ಬಗ್ಗಿ, ಕುತ್ತಿಗೆಯ ಆ ಒಂದೇ ಗೆರೆಯನ್ನು ಬೆರಳಿನಿಂದ ಮುಟ್ಟದೆ, ಗಾಳಿಯಲ್ಲೇ ಹಿಂಬಾಲಿಸುತ್ತಿದ್ದ. ಬಾಗಿಲ ಸಂದಿಯಿಂದ ಕಂಡಿದ್ದ ಆ ಹಸಿದ ಮುಖ ಮತ್ತೆ ಬಂದಿತ್ತು. ಸೆಳೆಖಾನೆಗೆ ಬೀಗ ಹಾಕಿಕೊಂಡು ಅವನು ನೋಡುತ್ತಿದ್ದುದು ಯಾವುದನ್ನು ಎಂದು ಅವಳಿಗೆ ಆಗ ತಿಳಿಯಿತು. ತಾನು ಆ ಹೆಂಗಸಿನ ಮುಖದ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು, ಅವನು ಅವಳ ಕೈಯ ಮೇಲೆ.

"ಊರೆಲ್ಲ ನನ್ನ ಕೈ ಹೊಗಳ್ತಾ ಇದೆ ಕೆಜಾಯ" ಎಂದ ಅವನು, ಹಾಳೆಯಿಂದ ಕಣ್ಣು ಕೀಳದೆ. "ನಾನು ಬರೀ ಅವಳ ಗೆರೆ ಮೇಲೆ ಸೂಜಿ ಎಳೆದೋನು. ಹುಟ್ಟಿದಾಗಿಂದ ಚಿತ್ರ ಬರೆಯೋದೇ ನನ್ನ ಕೆಲಸ. ಅವಳು ಮುಖಕ್ಕೆ ಪುಡಿ ಹಚ್ಕೊಳ್ಳೋ ಬಿಡುವಲ್ಲಿ ಬರೀತಾಳೆ. ನಾನೂ ಇಷ್ಟು ದಿನ ಅವಳ ಹಾಳೆ ಮುಂದಿಟ್ಕೊಂಡು ಕೂತು ಕೂತು ನೋಡ್ದೆ, ಹೇಗೆ ಬರೀತಾಳೆ ಅಂತ. ಬರಲ್ಲ ನನಗೆ. ನನ್ನ ಹೊಟ್ಟೆ ಸುಟ್ಟುಹೋಗ್ತಿದೆ ಕಣೇ."

ಅವಳಿಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ಓಣಿಯಲ್ಲಿ ಅದನ್ನು ಅರ್ಥ ಮಾಡಿಕೊಳ್ಳಲು ಅವಳಿಗಿಂತ ಲಾಯಕ್ಕಾದವರು ಯಾರಿದ್ದರು? ಹತ್ತಿರ ಹೋಗಿ ಅವನ ಬೋಳುತಲೆಯ ಮೇಲೆ ಕೈಯಿಟ್ಟಳು. ಕೆಂಪು ಬೆರಳಚ್ಚು ಮೂಡಿತು. ಆ ಸಂಜೆ ಇಬ್ಬರೂ ಕೂಡಿ ಕೆಂಪು ಮೂಗಿನ ಹಾಳೆಗಳನ್ನೆಲ್ಲ ಒಲೆಗೆ ಹಾಕಿದರು.

ಬೆಳಿಗ್ಗೆ ಅವನೇ ಬಂದು ಕರೆದ. "ಅವಳದ್ದನ್ನ ಇನ್ನು ಮೇಲೆ ನಾನು ತಗಡಿಗಿಳಿಸಲ್ಲ. ನಾನೇ ಬರೀತೀನಿ. ಬಾ, ಕುಂಚ ಹಿಡ್ಕೊಂಡು ಕನ್ನಡಿ ಮುಂದೆ ಕೂತ್ಕೋ."

"ನನ್ನಲ್ಲಿ ನಗೋಕೇನಿದೆ ಅಂತಿದ್ರಲ್ಲ, ಮಿಸ್ಟರ್ ಪಿನ್ನಕ್?"

"ಇದೆ ಅಂತ ನಿನ್ನೆ ಗೊತ್ತಾಯ್ತು. ಬಾ."

ಆ ದಿನ ಅವನು ಬರೆದ ಚಿತ್ರ ನಮ್ಮ ಓಣಿಯಲ್ಲಿ ಇಂದಿಗೂ ಕೆಲವರ ಗೋಡೆಯ ಮೇಲಿದೆ; ಓರೆಲ್‌ಳ ಚಿತ್ರಗಳಷ್ಟು ಅದು ನಗಿಸುವುದಿಲ್ಲ, ಆದರೆ ಜೇಬೆಜ್ ತಾನೇ ಬರೆದ ಎಲ್ಲ ಮುಖಗಳಲ್ಲಿ ಎಡಚಿಯಲ್ಲದವಳು, ಕುಂಚವನ್ನು ಬಲಗೈಯಲ್ಲೇ ಹಿಡಿದವಳು ಅವಳೊಬ್ಬಳೇ ಎಂಬುದಂತೂ ನಿಜ.

ಕೆಜಾಯ ಒಗೆದ ಟೊಪ್ಪಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತಳು. ಜೇಬೆಜ್ ಅವಳ ಬೆನ್ನಿಗೇ ನಿಂತು, ಹೆಗಲ ಮೇಲಿಂದ ಕನ್ನಡಿಯೊಳಗೆ ಕಣ್ಣಿಟ್ಟು, ಮೇಣ ಬಳಿದ ತಗಡನ್ನು ತೋಳಿಗಾನಿಸಿಕೊಂಡ. ಇಷ್ಟು ದಿನ ಅವಳು ಕಲ್ಪಿಸಿಕೊಂಡು ಸುಟ್ಟುಕೊಂಡದ್ದು ಇದನ್ನೇ, ಹೀಗೆಯೇ. ಉಸಿರು ಬಿಗಿಹಿಡಿದು ಕನ್ನಡಿಯಲ್ಲಿ ಅವನ ಕಣ್ಣು ನೋಡಿದಳು. ಆ ಕಣ್ಣು ಅವಳ ಮೇಲಿರಲಿಲ್ಲ. ಪಕ್ಕದ ಕುರ್ಚಿಯ ಮೇಲೆ ಓರೆಲ್ ಗೀಚಿದ ಹಾಳೆಯನ್ನು ಬಿಚ್ಚಿಟ್ಟುಕೊಂಡಿದ್ದ. ಒಮ್ಮೆ ಹೆಂಡತಿ, ಎರಡು ಸಲ ಹಾಳೆ. ಒಮ್ಮೆ ಹೆಂಡತಿ, ಮತ್ತೆ ಹಾಳೆ.

ಕೆಜಾಯ ಎದ್ದಳು. ಆ ಹಾಳೆಯನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಕೂತಳು.

"ಜೇಬೆಜ್, ಈಗ ಬರಿ" ಎಂದಳು. "ನನ್ನ ನೋಡಿ ಬರಿ."

ಅವನು ನಕ್ಕುಬಿಟ್ಟ. ನೋಡಲು ಇನ್ನೇನೂ ಇರಲಿಲ್ಲವಾಗಿ ಕನ್ನಡಿಯನ್ನೇ ನೋಡಿದ. ಹುಬ್ಬು ನೋಡಿದ, ತುಟಿಯ ಕೊಂಕು ನೋಡಿದ, ಕಾಲುಚೀಲದ ತೂತು ನೋಡಿ ಸೂಜಿ ಆಡಿಸಿದ. ಮಧ್ಯಾಹ್ನದವರೆಗೂ ಅವನ ಕಣ್ಣು ಕನ್ನಡಿಯೊಳಗಿನ ಆ ಹೆಂಗಸನ್ನು ಬಿಟ್ಟು ಅಲ್ಲಾಡಲಿಲ್ಲ. ಇಲ್ಲಿ ಕೈಗೆಟುಕುವ ಹಾಗೆ ಕೂತವಳತ್ತ ಒಮ್ಮೆಯಾದರೂ ತಿರುಗಬಾರದೇ ಎಂದು ಕೆಜಾಯಳಿಗೆ ಆ ಕನ್ನಡಿಯವಳ ಮೇಲೂ ಒಂದಿಷ್ಟು ಹೊಟ್ಟೆಕಿಚ್ಚಾಯಿತು.